ಹೊಸ ಆವೃತ್ತಿ ಬಂತು, ನನ್ನ ಸೆಟ್ಟಿಂಗ್ಸ್ ಎಲ್ಲಿ?

ಈ ಸಲದ ಅಂಚೆಯಲ್ಲಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ದೂರನ್ನು ಬೇರೆ ಬೇರೆ ದನಿಯಲ್ಲಿ ಹೇಳುತ್ತಿವೆ. ಕಾರಣ ಗುಟ್ಟಿನದೇನಲ್ಲ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ಹೊಸಂಗಡಿಯಿಂದ ಮುಳ್ಳೇರಿಯದವರೆಗೆ ಎಲ್ಲರೂ ಕಂಪ್ಯೂಟರನ್ನು ಹೊತ್ತುಕೊಂಡು ರಿಪೇರಿ ಅಂಗಡಿಗೆ ಹೋದರು. ಹೊಸ ಆವೃತ್ತಿ ಹಾಕಿಸಿಕೊಂಡು ಬಂದರು. ಮನೆಗೆ ಬಂದು ತೆರೆದು ನೋಡಿದರೆ ತಮ್ಮದೆನ್ನುವುದು ಏನೂ ಇಲ್ಲ. ಬದಿಯಡ್ಕದ ನನ್ನ ಡಿಟಿಪಿ ಅಂಗಡಿಗೂ ಅದೇ ಮುಖಗಳು ಬರುತ್ತಿರುವುದರಿಂದ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಇದಕ್ಕೇ ಬಿಟ್ಟುಕೊಟ್ಟಿದ್ದೇನೆ.

ಉತ್ತರಗಳಿಗೆ ಮುಂಚೆ ಒಂದು ಮಾತು. ಅಪ್‌ಗ್ರೇಡ್ ಎಂಬುದು ನಿಮ್ಮ ಸೆಟ್ಟಿಂಗ್ಸ್‌ಗಳನ್ನು ಅಳಿಸುವುದು ಅಪರೂಪ. ಬಾಡಿಗೆ ಮನೆ ಬದಲಿಸಿದವರು ಹಳೆಯ ಮನೆಯ ಅಟ್ಟದಲ್ಲಿ ಪೆಟ್ಟಿಗೆ ಬಿಟ್ಟು ಬರುವಂತೆ, ಅದು ತನಗೊಂದು ಹೊಸ ಜಾಗ ಮಾಡಿಕೊಂಡು ಹಳೆಯದನ್ನು ಮರೆಯುತ್ತದೆ. ಅಳಿಸಿಹೋಗುವುದು ಹೆಚ್ಚಾಗಿ ಮರುದಿನ, ನಾವು ಗಾಬರಿಯಾಗಿ ಅನ್‌ಇನ್‌ಸ್ಟಾಲ್ ಮಾಡಿ, ಪುನಃ ಇನ್‌ಸ್ಟಾಲ್ ಮಾಡಿ, ಕಸ ಗುಡಿಸುವ ತಂತ್ರಾಂಶ ಓಡಿಸಿ, ಡಿಸ್ಕ್ ಖಾಲಿ ಮಾಡಿದಾಗ. ಆದ್ದರಿಂದ ಮೊದಲು ಹುಡುಕಿ. ಕೈ ಆಮೇಲೆ ಆಡಿಸಿ.

ಫೋಲ್ಡರ್ ಮತ್ತು ಫೈಲುಗಳ ಹೆಸರುಗಳನ್ನು ಪತ್ರಿಕೆಯ ಪದ್ಧತಿಯಂತೆ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ಕಂಪ್ಯೂಟರಿನಲ್ಲಿ ಅವು ಇಂಗ್ಲಿಷ್ ಅಕ್ಷರಗಳಲ್ಲಿ ಇರುತ್ತವೆ ಎಂಬುದು ನೆನಪಿರಲಿ.

ಪ್ರಶ್ನೆ: ಅಕ್ಕಾ, ನಮ್ಮ ಭಜನಾ ಮಂದಿರದ ಆಮಂತ್ರಣ ಪತ್ರ, ತಾಳಮದ್ದಳೆಯ ಕರಪತ್ರ, ಲೆಕ್ಕಪತ್ರದ ವರದಿ ಎಲ್ಲವನ್ನೂ ಲಿಬ್ರೆ ಆಫೀಸಿನಲ್ಲಿ ನಾನೇ ಟೈಪು ಮಾಡುವುದು. ‘ಕಾಜಿ’ ಎಂದು ಹೊಡೆದರೆ ‘ಕಾಸರಗೋಡು ಜಿಲ್ಲೆ, ಕೇರಳ ರಾಜ್ಯ’ ಎಂದು, ‘ತಾಮ’ ಎಂದರೆ ‘ತಾಳಮದ್ದಳೆ ಕೂಟ’ ಎಂದು ತಾನಾಗಿ ಬರುವಂತೆ ಮಾಡಿಕೊಂಡಿದ್ದೆ. ಊರಿನ ಹೆಸರು, ಮನೆತನದ ಹೆಸರು, ಭಾಗವತರ, ಅರ್ಥಧಾರಿಗಳ ಹೆಸರು ಎಲ್ಲವೂ ಹೀಗೆಯೇ ಇದ್ದವು. ಕಳೆದ ವಾರ ವಿಂಡೋಸ್ 11 ಹಾಕಿಸಿ, ಲಿಬ್ರೆ ಆಫೀಸಿನ ಹೊಸ ಆವೃತ್ತಿಯನ್ನೂ ಹಾಕಿಸಿದೆ. ಈಗ ‘ಕಾಜಿ’ ಎಂದರೆ ಕಾಜಿಯೇ. ಅಂಗಡಿಯವರು ಡಾಟಾ ಏನೂ ಹೋಗಿಲ್ಲ ಎನ್ನುತ್ತಾರೆ. ಎಲ್ಲವನ್ನೂ ಮೊದಲಿನಿಂದ ಸೇರಿಸಬೇಕೇ? — ಮಂದಿರದ ಕಾರ್ಯದರ್ಶಿ, ನೀರ್ಚಾಲು

ಉತ್ತರ: ಕಾರ್ಯದರ್ಶಿಗಳೇ, ಒಂದು ಅಕ್ಷರವನ್ನೂ ಪುನಃ ಸೇರಿಸಬೇಡಿ. ಅಂಗಡಿಯವರು ಹೇಳಿದ್ದು ಅವರ ಮಟ್ಟಿಗೆ ಸರಿಯೇ. ಅವರ ಲೆಕ್ಕದಲ್ಲಿ ಡಾಟಾ ಎಂದರೆ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್ ಮತ್ತು ಮದುವೆಯ ಫೋಟೊಗಳು.

ಮೊದಲು ಸುಲಭದ್ದನ್ನು ನೋಡೋಣ. ಲಿಬ್ರೆ ಆಫೀಸಿನಲ್ಲಿ ಹೀಗೆ ತಾನಾಗಿ ಪದ ಬದಲಿಸುವ ಆಟೊಕರೆಕ್ಟ್ ಪಟ್ಟಿ ಒಂದೊಂದು ಭಾಷೆಗೂ ಬೇರೆ ಬೇರೆ. ನೀವು ಕನ್ನಡದ ಪಟ್ಟಿಯಲ್ಲಿ ಸೇರಿಸಿದ್ದು ಕನ್ನಡವೆಂದು ಗುರುತಾದ ಪಠ್ಯದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಹೊಸದಾಗಿ ಸ್ಥಾಪಿಸಿದಾಗ ಭಾರತೀಯ ಲಿಪಿಗಳ ಭಾಷೆ ಹಿಂದಿ ಎಂದು ಕುಳಿತಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಟೂಲ್ಸ್ ಮೆನುವಿನ ಆಪ್ಷನ್ಸ್‌ಗೆ ಹೋಗಿ, ಭಾಷೆಗಳ ವಿಭಾಗದಲ್ಲಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ ಎಂಬ ಸಾಲಿನ ಎದುರು ಕನ್ನಡ ಎಂದು ಇದೆಯೇ ನೋಡಿ. ಇಲ್ಲದಿದ್ದರೆ ಆಯ್ದುಕೊಂಡು, ಹೊಸ ಕಡತ ತೆರೆದು ‘ಕಾಜಿ’ ಹೊಡೆದು ನೋಡಿ. ಬಂದರೆ ಈ ಉತ್ತರದ ಉಳಿದ ಭಾಗ ನಿಮಗೆ ಬೇಡ.

ಬರದಿದ್ದರೆ, ಅದೇ ಪಟ್ಟಿ ಹಳೆಯ ಬಳಕೆದಾರನ ಫೋಲ್ಡರಿನಲ್ಲಿ ಉಳಿದಿದೆ. ವಿಂಡೋಸ್ 11 ಹಾಕುವಾಗ ನಿಮ್ಮ ಇಮೇಲ್ ಕೊಟ್ಟು ಹೊಸದಾಗಿ ಲಾಗಿನ್ ಮಾಡಿದ್ದಾರೆ ಎಂದಿಟ್ಟುಕೊಳ್ಳಿ. ಆಗ ಯೂಸರ್ಸ್ ಎಂಬ ಫೋಲ್ಡರಿನಲ್ಲಿ ಹೊಸ ಹೆಸರಿನ ಇನ್ನೊಂದು ಫೋಲ್ಡರ್ ಹುಟ್ಟುತ್ತದೆ. ಸಿ ಡ್ರೈವ್ ತೆರೆದರೆ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಫೋಲ್ಡರ್ ಕಾಣುತ್ತದೆಯೇ? ಕಂಡರೆ ಈ ಪತ್ರಿಕೆಯನ್ನು ಕೆಳಗಿಟ್ಟು, ಅದರೊಳಗಿನ ಯೂಸರ್ಸ್ ಫೋಲ್ಡರನ್ನು ಪೆನ್‌ಡ್ರೈವಿಗೋ ಹೊರಗಿನ ಹಾರ್ಡ್‌ಡಿಸ್ಕಿಗೋ ನಕಲು ಮಾಡಿ ಬನ್ನಿ. ಅಪ್‌ಗ್ರೇಡ್ ಆಗಿ ಹತ್ತು ದಿನ ಕಳೆದ ಮೇಲೆ ವಿಂಡೋಸ್ ಅದನ್ನು ತಾನಾಗಿ ಅಳಿಸುತ್ತದೆ. ನೀವು ಬರೆದದ್ದು ಕಳೆದ ವಾರ. ಸಂಪಾದಕರು ನಿಮ್ಮ ಪತ್ರವನ್ನು ಕೂಡಲೇ ಕಳುಹಿಸಿದ್ದರಿಂದ ಈ ಒಂದು ವಿಷಯವನ್ನು ನಿಮಗೆ ಮೊದಲೇ ತಿಳಿಸಿದ್ದಾಯಿತು. ಉಳಿದವರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ಈಗ ದಾರಿ. ಹಳೆಯ ಬಳಕೆದಾರನ ಹೆಸರಿನ ಫೋಲ್ಡರಿನೊಳಗೆ ‘ಆಪ್‌ಡೇಟಾ’ ಎಂಬ ಫೋಲ್ಡರ್ ಇದೆ. ಅದು ಅಡಗಿಕೊಂಡಿರುತ್ತದೆ. ವ್ಯೂ ಮೆನುವಿನಲ್ಲಿ ಶೋ, ಅದರೊಳಗೆ ಹಿಡನ್ ಐಟಮ್ಸ್ ಒತ್ತಿದರೆ ಮಸುಕಾಗಿ ಕಾಣಿಸಿಕೊಳ್ಳುತ್ತದೆ. ಅಲ್ಲಿಂದ ರೋಮಿಂಗ್, ಅದರಲ್ಲಿ ಲಿಬ್ರೆಆಫೀಸ್, ಅದರಲ್ಲಿ 4, ಅದರಲ್ಲಿ ಯೂಸರ್. ಈ 4 ಎಂಬ ಅಂಕಿ ನೋಡಿ ‘ಇದು ಹಳೆಯ ಆವೃತ್ತಿಯದು’ ಎಂದು ಅಳಿಸಿದವರಿದ್ದಾರೆ. ಲಿಬ್ರೆ ಆಫೀಸ್ 4ರ ನಂತರ 5, 6, 7 ಬಂದವು, 2024ರಿಂದ 24.2 ಎಂದು ವರ್ಷ ಮತ್ತು ತಿಂಗಳ ಲೆಕ್ಕದಲ್ಲಿ ಆವೃತ್ತಿಗಳು ಬರುತ್ತಿವೆ. ಆದರೂ ಫೋಲ್ಡರಿನ ಹೆಸರು 4 ಆಗಿಯೇ ಉಳಿದಿದೆ. ಹೀಗಾಗಿಯೇ, ಒಂದೇ ವಿಂಡೋಸ್‌ನೊಳಗೆ ಲಿಬ್ರೆ ಆಫೀಸನ್ನು ಮಾತ್ರ ಹೊಸದು ಮಾಡಿದರೆ ಸಾಮಾನ್ಯವಾಗಿ ಏನೂ ಕಳೆಯುವುದಿಲ್ಲ. ನಿಮ್ಮಲ್ಲಿ ಬದಲಾದದ್ದು ಬಳಕೆದಾರ.

ಯೂಸರ್ ಫೋಲ್ಡರಿನೊಳಗೆ ‘ಆಟೊಕಾರ್’ ಎಂಬುದೊಂದು ಇದೆ. ಅದರಲ್ಲಿ ಎಕಾರ್ ಎಂದು ಆರಂಭವಾಗುವ ಫೈಲುಗಳು. ಕೆಎನ್-ಐಎನ್ ಎಂದಿರುವುದು ಕನ್ನಡದ್ದು, ಯುಎನ್‌ಡಿ ಎಂದಿರುವುದು ಎಲ್ಲ ಭಾಷೆಗಳಿಗೂ ಸೇರಿದ್ದು, ಇಎನ್-ಐಎನ್ ಎಂದಿರುವುದು ಭಾರತದ ಇಂಗ್ಲಿಷಿನದು. ನಿಮ್ಮ ‘ಕಾಜಿ’ ಎಲ್ಲಿದೆ ಎಂದು ಅನುಮಾನವಿದ್ದರೆ ಮೂರನ್ನೂ ತನ್ನಿ. ಕೊನೆಯಲ್ಲಿ ಡಿಎಟಿ ಎಂದಿರುವ ಈ ಫೈಲುಗಳು ನಿಜಕ್ಕೂ ಜಿಪ್ ಕಟ್ಟುಗಳು. ಒಂದರ ನಕಲು ತೆಗೆದು ಕೊನೆಯನ್ನು ಜಿಪ್ ಎಂದು ಬದಲಿಸಿ ತೆರೆದರೆ ಒಳಗೆ ‘ಡಾಕ್ಯುಮೆಂಟ್‌ಲಿಸ್ಟ್’ ಎಂಬ ಎಕ್ಸ್‌ಎಮ್‌ಎಲ್ ಕಡತದಲ್ಲಿ ನಿಮ್ಮ ಭಾಗವತರೂ ಅರ್ಥಧಾರಿಗಳೂ ಸಾಲಾಗಿ ಕುಳಿತಿರುವುದು ಕಾಣುತ್ತದೆ. ಅದನ್ನು ಕಂಡ ಮೇಲೆ ನಿಮಗೆ ರಾತ್ರಿ ನಿದ್ದೆ ಬರುತ್ತದೆ.

ಲಿಬ್ರೆ ಆಫೀಸನ್ನು ಪೂರ್ತಿ ಮುಚ್ಚಿ. ಗಡಿಯಾರದ ಹತ್ತಿರ ಅದರ ಕ್ವಿಕ್‌ಸ್ಟಾರ್ಟರ್ ಇದ್ದರೆ ಅದನ್ನೂ ನಿಲ್ಲಿಸಿ. ತೆರೆದೇ ಇದ್ದರೆ ಮುಚ್ಚುವಾಗ ತನ್ನ ಖಾಲಿ ಪಟ್ಟಿಯನ್ನು ನಿಮ್ಮ ಪಟ್ಟಿಯ ಮೇಲೆ ಬರೆದುಬಿಡಬಹುದು. ಆಮೇಲೆ ಹಳೆಯ ಫೈಲುಗಳನ್ನು ಹೊಸ ಬಳಕೆದಾರನ ಅದೇ ಜಾಗಕ್ಕೆ ಹಾಕಿ. ಜೊತೆಗೆ ‘ವರ್ಡ್‌ಬುಕ್’ ಫೋಲ್ಡರನ್ನೂ ತನ್ನಿ. ಕೆಂಪು ಗೆರೆ ಬಾರದಂತೆ ನೀವು ಕಲಿಸಿಕೊಟ್ಟ ಪದಗಳೆಲ್ಲ ಅಲ್ಲಿವೆ. ‘ಟೆಂಪ್ಲೇಟ್’ನಲ್ಲಿ ಆಮಂತ್ರಣದ ಮಾದರಿಗಳು, ‘ಬೇಸಿಕ್’ನಲ್ಲಿ ಮ್ಯಾಕ್ರೊಗಳು.

ಇಡೀ ಯೂಸರ್ ಫೋಲ್ಡರನ್ನೇ ಎತ್ತಿ ಹಾಕಿದರೆ ಆಗದೇ ಎಂದು ಕೇಳುತ್ತೀರಿ. ಆಗುತ್ತದೆ. ನಾನು ಮಾಡುವುದಿಲ್ಲ. ‘ರಿಜಿಸ್ಟ್ರಿಮಾಡಿಫಿಕೇಶನ್ಸ್’ ಎಂಬ ದೊಡ್ಡ ಫೈಲಿನಲ್ಲಿ ಹಳೆಯ ಪ್ರಿಂಟರ್, ಹಳೆಯ ಪರದೆಯ ಅಳತೆ, ಎಂದೋ ತೆರೆದ ಕಡತಗಳ ಜಾಡು ಎಲ್ಲವೂ ಬೆರೆತಿರುತ್ತದೆ. ಹಳೆಯ ಕಂಪ್ಯೂಟರಿನ ಕಾಯಿಲೆಯೂ ಅದರ ಜೊತೆಗೇ ಬರುತ್ತದೆ. ಬೆಲೆ ಇರುವುದು ನೀವು ಕೈಯಾರೆ ಸೇರಿಸಿದ ಪದಗಳಿಗೆ. ಬಣ್ಣ, ಬಟನ್‌ಗಳನ್ನು ಅರ್ಧ ಗಂಟೆಯಲ್ಲಿ ಪುನಃ ಜೋಡಿಸಿಕೊಳ್ಳಬಹುದು.

ಪ್ರಶ್ನೆ: ನಮ್ಮ ಕುಟುಂಬದ ವಂಶಾವಳಿಯನ್ನು ವರ್ಡ್‌ನಲ್ಲಿ ತುಂಗಾ ಅಕ್ಷರದಲ್ಲಿ ಬರೆದಿಟ್ಟಿದ್ದೆ. ಕಂಪ್ಯೂಟರನ್ನು ಹೊಸದು ಮಾಡಿದ ಮೇಲೆ ಪುಟಗಳು ಹೆಚ್ಚಾಗಿವೆ, ಕೋಷ್ಟಕಗಳು ಮುಂದಿನ ಪುಟಕ್ಕೆ ಜಾರಿವೆ. ಮೇಲೆ ತುಂಗಾ ಎಂದೇ ತೋರಿಸುತ್ತದೆ, ಆದರೆ ಅಕ್ಷರದ ರೂಪ ತುಂಗಾದ್ದಲ್ಲ. ನನ್ನ ಕಣ್ಣಿನ ದೋಷವೋ? — ನಿವೃತ್ತ ಮುಖ್ಯೋಪಾಧ್ಯಾಯ, ಮುಳ್ಳೇರಿಯ

ಉತ್ತರ: ಕಣ್ಣು ಚೆನ್ನಾಗಿಯೇ ಇದೆ, ಮಾಸ್ತರರೇ. ಸುಳ್ಳು ಹೇಳುತ್ತಿರುವುದು ವರ್ಡ್. ಕಡತದಲ್ಲಿ ತುಂಗಾ ಎಂದು ಬರೆದಿರುವುದರಿಂದ ಅದು ಆ ಹೆಸರನ್ನೇ ತೋರಿಸುತ್ತದೆ; ಯಂತ್ರದಲ್ಲಿ ತುಂಗಾ ಇಲ್ಲದ ಕಾರಣ ಕೈಗೆ ಸಿಕ್ಕ ಬೇರೆ ಅಕ್ಷರದಲ್ಲಿ ಬಿಡಿಸುತ್ತದೆ. ಫೈಲ್, ಆಪ್ಷನ್ಸ್, ಅಡ್ವಾನ್ಸ್ಡ್ ಎಂದು ಹೋಗಿ ‘ಫಾಂಟ್ ಸಬ್‌ಸ್ಟಿಟ್ಯೂಷನ್’ ಬಟನ್ ಒತ್ತಿದರೆ ಯಾವುದರ ಬದಲು ಯಾವುದನ್ನು ಕೂರಿಸಿದೆ ಎಂದು ಒಪ್ಪಿಕೊಳ್ಳುತ್ತದೆ.

ವಿಂಡೋಸ್ 8ರಿಂದ ಭಾರತೀಯ ಭಾಷೆಗಳಿಗೆಲ್ಲ ನಿರ್ಮಲಾ ಯುಐ ಎಂಬ ಒಂದೇ ಫಾಂಟ್ ಮುಖ್ಯವಾಯಿತು. ವಿಂಡೋಸ್ 10ರಲ್ಲಿ ತುಂಗಾವನ್ನು ಬೇಕಾದವರು ಹಾಕಿಕೊಳ್ಳುವ ಐಚ್ಛಿಕ ಕಟ್ಟಿಗೆ ತಳ್ಳಿದರು. ಸೆಟ್ಟಿಂಗ್ಸ್‌ನ ಹುಡುಕುವ ಪೆಟ್ಟಿಗೆಯಲ್ಲಿ ‘ಆಪ್ಷನಲ್ ಫೀಚರ್ಸ್’ ಎಂದು ಬರೆದು ತೆರೆಯಿರಿ, ಹೊಸದನ್ನು ಸೇರಿಸುವ ಪಟ್ಟಿಯಲ್ಲಿ ‘ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್’ ಆಯ್ದುಕೊಳ್ಳಿ. ಇಂಟರ್ನೆಟ್ ಬೇಕು. ದುಡ್ಡು ಬೇಡ. ತುಂಗಾ ಬಂದು ಕುಳಿತ ಕೂಡಲೇ ಪುಟಗಳು ಹಳೆಯ ಲೆಕ್ಕಕ್ಕೆ ಮರಳುತ್ತವೆ. ಅಲ್ಲಿಯವರೆಗೆ ಕೋಷ್ಟಕಗಳನ್ನು ಎಳೆದು ಸರಿಪಡಿಸಲು ಹೋಗಬೇಡಿ, ತುಂಗಾ ಬಂದ ಮೇಲೆ ಅದೆಲ್ಲ ತಿರುವುಮುರುವಾಗುತ್ತದೆ.

ಹಳೆಯ ನುಡಿ ಫಾಂಟುಗಳಲ್ಲಿ ಬರೆದ ಕಡತಗಳೂ ಇರಬಹುದು. ಅವು ಇಂಗ್ಲಿಷ್ ಅಕ್ಷರಗಳ ಗೊಜ್ಜಿನಂತೆ ಕಂಡರೆ ಕಡತ ಕೆಟ್ಟಿದೆ ಎಂದುಕೊಂಡು ಎಸೆಯಬೇಡಿ, ಫಾಂಟ್ ಇಲ್ಲ ಅಷ್ಟೇ. ಹಳೆಯ ವಿಂಡೋಸ್ ಫೋಲ್ಡರಿನ ಫಾಂಟ್ಸ್‌ನಲ್ಲಿ ನೋಡಿ. ಅಲ್ಲಿ ಇಲ್ಲದಿದ್ದರೆ ಆಪ್‌ಡೇಟಾದೊಳಗೆ ಲೋಕಲ್, ಮೈಕ್ರೋಸಾಫ್ಟ್, ವಿಂಡೋಸ್, ಫಾಂಟ್ಸ್ ಎಂಬ ದಾರಿಯಲ್ಲೂ ಹುಡುಕಿ. ಒಬ್ಬ ಬಳಕೆದಾರನಿಗೆ ಮಾತ್ರ ಹಾಕಿದ ಫಾಂಟುಗಳು ಅಲ್ಲಿ ಇರುತ್ತವೆ, ನಮ್ಮ ಊರಿನ ಅಂಗಡಿಗಳಲ್ಲಿ ಆ ಜಾಗವನ್ನು ಯಾರೂ ನೋಡುವುದಿಲ್ಲ. ವಂಶಾವಳಿಯನ್ನು ಮುದ್ರಣಕ್ಕೆ ಕೊಡುವಾಗ ಪಿಡಿಎಫ್ ಮಾಡಿಯೇ ಕೊಡಿ.

ಪ್ರಶ್ನೆ: ಫೈರ್‌ಫಾಕ್ಸ್ ಹೊಸದಾಗಿ ಇನ್‌ಸ್ಟಾಲ್ ಮಾಡಿದೆ. ಬುಕ್‌ಮಾರ್ಕ್, ಪಾಸ್‌ವರ್ಡ್ ಒಂದೂ ಇಲ್ಲ. ಪಿಎಸ್‌ಸಿ ಪರೀಕ್ಷೆಗೆ ಓದಲು ಇಟ್ಟುಕೊಂಡ ಪುಟಗಳೆಲ್ಲ ಅದರಲ್ಲಿದ್ದವು. — ವಿದ್ಯಾರ್ಥಿನಿ, ಉಪ್ಪಳ

ಉತ್ತರ: ವಿಳಾಸದ ಜಾಗದಲ್ಲಿ ‘ಅಬೌಟ್’, ಎರಡು ಚುಕ್ಕೆ, ‘ಪ್ರೊಫೈಲ್ಸ್’ ಎಂದು ನಡುವೆ ಜಾಗ ಬಿಡದೆ ಬರೆದು ಎಂಟರ್ ಒತ್ತಮ್ಮ. ಎರಡು ಮೂರು ಪ್ರೊಫೈಲುಗಳ ಹೆಸರು ಕಾಣುತ್ತದೆ. 2019ರಲ್ಲಿ ಬಂದ 67ನೆಯ ಆವೃತ್ತಿಯಿಂದ ಫೈರ್‌ಫಾಕ್ಸ್ ಪ್ರತಿಯೊಂದು ಸ್ಥಾಪನೆಗೂ ಬೇರೆಯೇ ಪ್ರೊಫೈಲ್ ಕೊಡುತ್ತದೆ. ಬೇರೆ ಫೋಲ್ಡರಿಗೆ ಇನ್‌ಸ್ಟಾಲ್ ಆದರೆ ಅದು ಖಾಲಿ ಕೈಯಲ್ಲಿ ಆರಂಭಿಸುತ್ತದೆ. ಪಟ್ಟಿಯಲ್ಲಿ ಒಂದೊಂದನ್ನೂ ಹೊಸ ಕಿಟಕಿಯಲ್ಲಿ ತೆರೆದು ನೋಡು. ನಿನ್ನ ಪುಟಗಳಿರುವುದು ಸಿಕ್ಕಿದ ಮೇಲೆ ಅದನ್ನೇ ಡಿಫಾಲ್ಟ್ ಮಾಡು. ‘ರಿಮೂವ್’ ಬಟನ್ ಹತ್ತಿರ ಹೋಗಬೇಡ. ‘ರಿಫ್ರೆಶ್ ಫೈರ್‌ಫಾಕ್ಸ್’ ಎಂಬ ಆಕರ್ಷಕ ಬಟನ್ ಇದೆ, ಅದನ್ನೂ ಈಗ ಮುಟ್ಟಬೇಡ.

ಪ್ರಶ್ನೆ: ಅಡಿಕೆ ತೋಟದ ಲೆಕ್ಕವನ್ನು ಎಕ್ಸೆಲ್‌ನಲ್ಲಿ ಇಟ್ಟುಕೊಳ್ಳುವವನು ನಾನು. ಕೂಲಿ, ಚಾಲಿ ಅಡಿಕೆ ಮಾರಿದ ಹಣ, ಮದ್ದು ಬಿಟ್ಟ ದಿನ ಎಲ್ಲವೂ ಅದರಲ್ಲಿ. ವಿಂಡೋಸ್ ಹೊಸದಾದ ಮೇಲೆ ಎರಡು ತೊಂದರೆ. 1,45,000 ಎಂದು ಬರುತ್ತಿದ್ದದ್ದು 145,000 ಎಂದು ಬರುತ್ತಿದೆ. ಜೂನ್ 5ರಂದು ಬೋರ್ಡೋ ಸಿಂಪಡಿಸಿದ್ದನ್ನು ಬರೆದರೆ, 45 ದಿನ ಕೂಡಿಸಿ ಎರಡನೆಯ ಸಿಂಪಡಣೆಯ ದಿನ ತೋರಿಸುವ ಕಾಲಂ ಜೂನ್ 20 ಎನ್ನುತ್ತದೆ. ಎಕ್ಸೆಲ್ ಹಾಳಾಗಿದೆಯೇ? — ಕೃಷಿಕ, ಬಾಯಾರು

ಉತ್ತರ: ಅಣ್ಣಾ, ಎರಡೂ ಒಂದೇ ತೊಂದರೆ. ನಿಮ್ಮ ಕಂಪ್ಯೂಟರು ಈಗ ಅಮೆರಿಕದಲ್ಲಿದೆ. ಹೊಸದಾಗಿ ಸ್ಥಾಪಿಸುವಾಗ ಪ್ರದೇಶವನ್ನು ಆರಿಸುವ ಪರದೆಯಲ್ಲಿ ಯಾರೋ ಮುಂದೆ ಮುಂದೆ ಎಂದು ಒತ್ತಿಬಿಟ್ಟಿದ್ದಾರೆ. ಅಮೆರಿಕದ ಪದ್ಧತಿಯಲ್ಲಿ ತಿಂಗಳು ಮೊದಲು, ದಿನ ಆಮೇಲೆ. ನೀವು 5/6 ಎಂದು ಹೊಡೆದದ್ದು ಅದಕ್ಕೆ ಮೇ 6. ಮೇ 6ಕ್ಕೆ 45 ದಿನ ಕೂಡಿಸಿದರೆ ಜೂನ್ 20. ಲೆಕ್ಕದಲ್ಲಿ ಅದು ತಪ್ಪಿಲ್ಲ. ನಿಮಗೆ ಬೇಕಾದದ್ದು ಜುಲೈ 20.

ಸೆಟ್ಟಿಂಗ್ಸ್‌ನಲ್ಲಿ ‘ಟೈಮ್ ಅಂಡ್ ಲ್ಯಾಂಗ್ವೇಜ್’, ಅದರಲ್ಲಿ ‘ಲ್ಯಾಂಗ್ವೇಜ್ ಅಂಡ್ ರೀಜನ್’ ತೆರೆಯಿರಿ. ‘ರೀಜನಲ್ ಫಾರ್ಮ್ಯಾಟ್’ ಎಂಬಲ್ಲಿ ಇಂಗ್ಲಿಷ್ (ಇಂಡಿಯಾ) ಆಯ್ದುಕೊಳ್ಳಿ. ಎಕ್ಸೆಲನ್ನು ಮುಚ್ಚಿ ತೆರೆದರೆ ಲಕ್ಷದ ಅಲ್ಪವಿರಾಮ ತನ್ನ ಜಾಗಕ್ಕೆ ಬಂದಿರುತ್ತದೆ. ಸಂಖ್ಯೆಗಳಿಗೆ ಅಷ್ಟೇ ಸಾಕು. ಎಕ್ಸೆಲ್ ಸಂಖ್ಯೆಯನ್ನು ಸಂಖ್ಯೆಯಾಗಿಯೇ ಇಟ್ಟಿರುತ್ತದೆ, ಅಲ್ಪವಿರಾಮ ಬರಿಯ ಅಲಂಕಾರ.

ತಾರೀಕುಗಳ ವಿಷಯದಲ್ಲಿ ಮಾತ್ರ ಎಚ್ಚರ. ಪುಸ್ತಕ ಮುಚ್ಚಿ ಎದ್ದು ಹೋಗುವಂತಿಲ್ಲ. ಅಪ್‌ಗ್ರೇಡಿಗೆ ಮೊದಲು ಬರೆದ ತಾರೀಕುಗಳು ಒಳಗೆ ಸರಿಯಾಗಿಯೇ ಇವೆ, ಯಾಕೆಂದರೆ ಎಕ್ಸೆಲ್ ತಾರೀಕನ್ನು 1900ರ ಜನವರಿ 1ರಿಂದ ಎಣಿಸಿದ ಒಂದು ಸಂಖ್ಯೆಯಾಗಿ ಇಡುತ್ತದೆ, ತೋರಿಸುವ ಕ್ರಮ ಮಾತ್ರ ಬದಲಾಗಿತ್ತು. ಕೆಟ್ಟಿರುವುದು ಅಪ್‌ಗ್ರೇಡ್ ಆದಂದಿನಿಂದ ಇಂದಿನವರೆಗೆ ನೀವು ಹೊಸದಾಗಿ ಹೊಡೆದವು. ಅವುಗಳಲ್ಲೂ ಎರಡು ಜಾತಿ. ದಿನ 12ರ ಒಳಗಿದ್ದರೆ ಎಕ್ಸೆಲ್ ಸದ್ದಿಲ್ಲದೆ ದಿನವನ್ನೂ ತಿಂಗಳನ್ನೂ ಅದಲು ಬದಲು ಮಾಡಿಕೊಂಡಿದೆ. ದಿನ 13 ಅಥವಾ ಮೇಲಿದ್ದರೆ ಅಂಥ ತಿಂಗಳೇ ಇಲ್ಲವಾದ್ದರಿಂದ ಅದನ್ನು ತಾರೀಕೆಂದು ಒಪ್ಪದೆ ಬರಿಯ ಅಕ್ಷರವಾಗಿ ಬಿಟ್ಟಿದೆ. ಕಣ್ಣಿನಲ್ಲೇ ಗುರುತಿಸಬಹುದು: ತಾರೀಕು ಕೋಶದ ಬಲಕ್ಕೆ ಒತ್ತಿಕೊಂಡಿರುತ್ತದೆ, ಅಕ್ಷರ ಎಡಕ್ಕೆ.

ಎಡಕ್ಕೆ ಒತ್ತಿಕೊಂಡವನ್ನು ಮಾತ್ರ ಆರಿಸಿ, ಡೇಟಾ ಮೆನುವಿನ ‘ಟೆಕ್ಸ್ಟ್ ಟು ಕಾಲಮ್ಸ್’ ಒತ್ತಿ, ಕೊನೆಯ ಹಂತದಲ್ಲಿ ಡೇಟ್ ಎಂದು ಆರಿಸಿ ಅದರ ಪಕ್ಕದಲ್ಲಿ ಡಿಎಮ್‌ವೈ ಎಂದು ಕೊಡಿ. ಅವು ಸರಿಹೋಗುತ್ತವೆ. ಅದಲು ಬದಲಾದವಕ್ಕೆ ಪಕ್ಕದ ಖಾಲಿ ಕಾಲಂನಲ್ಲಿ ‘ಡೇಟ್’ ಸೂತ್ರ ಬರೆಯಿರಿ: ಮೊದಲು ಆ ಕೋಶದ ವರ್ಷ, ಎರಡನೆಯದಾಗಿ ಆ ಕೋಶದ ದಿನ, ಮೂರನೆಯದಾಗಿ ಆ ಕೋಶದ ತಿಂಗಳು. ಸೂತ್ರ ಸಾಮಾನ್ಯವಾಗಿ ವರ್ಷ, ತಿಂಗಳು, ದಿನ ಎಂದು ಕೇಳುತ್ತದೆ. ನಾವು ಬೇಕೆಂದೇ ತಿರುಗಿಸಿ ಕೊಡುತ್ತಿದ್ದೇವೆ. ಬಂದ ಉತ್ತರವನ್ನು ನಕಲು ಮಾಡಿ ಮೌಲ್ಯವಾಗಿ ಮಾತ್ರ ಮೂಲ ಕೋಶಕ್ಕೆ ಅಂಟಿಸಿ. ಅಪ್‌ಗ್ರೇಡಿಗೆ ಹಿಂದಿನ ಸಾಲುಗಳಿಗೆ ಈ ಸೂತ್ರ ಹಾಕಿದರೆ ಸರಿ ಇದ್ದದ್ದೂ ಹಾಳಾದೀತು. ಆದ್ದರಿಂದ ಅಂಗಡಿಯ ಬಿಲ್ಲು ನೋಡಿ ಯಾವತ್ತು ಹೊಸ ವಿಂಡೋಸ್ ಹಾಕಿಸಿದ್ದೆಂದು ಮೊದಲು ಖಚಿತ ಮಾಡಿಕೊಳ್ಳಿ.

ಇದನ್ನು ಇಷ್ಟು ಉದ್ದ ಬರೆದದ್ದಕ್ಕೆ ಕಾರಣವಿದೆ. ಸೆಟ್ಟಿಂಗ್ಸ್ ಕಳೆದುಹೋದರೆ ಕಾಣುತ್ತದೆ, ಕಿರಿಕಿರಿಯಾಗುತ್ತದೆ, ಸರಿಮಾಡುತ್ತೇವೆ. ತಪ್ಪು ಸೆಟ್ಟಿಂಗ್ಸ್ ಸದ್ದಿಲ್ಲದೆ ಕುಳಿತರೆ ಕೊಳೆರೋಗ ತೋಟಕ್ಕೆ ಬಂದ ಮೇಲೆ ಗೊತ್ತಾಗುತ್ತದೆ. ಜೂನ್ 20ಕ್ಕೆ ಮದ್ದು ಬಿಟ್ಟಿದ್ದರೆ ಮೈಲುತುತ್ತೂ ಕೂಲಿಯೂ ದಂಡವಾಗುತ್ತಿತ್ತು, ನಡು ಮಳೆಗಾಲದಲ್ಲಿ ಗೊನೆಗಳಿಗೆ ರಕ್ಷಣೆಯೂ ಇರುತ್ತಿರಲಿಲ್ಲ.

ಪ್ರಶ್ನೆ: ಟಾಸ್ಕ್‌ಬಾರನ್ನು ಪರದೆಯ ಎಡಬದಿಗೆ ನಿಲ್ಲಿಸಿ ಅಭ್ಯಾಸ. ಹೊಸ ವಿಂಡೋಸ್‌ನಲ್ಲಿ ಎಳೆದರೂ ಬರುವುದಿಲ್ಲ. — ವ್ಯಾಪಾರಿ, ಹೊಸಂಗಡಿ

ಉತ್ತರ: ವಿಂಡೋಸ್ 11 ಹೊರಬಂದದ್ದೇ ಆ ಸೌಲಭ್ಯವಿಲ್ಲದೆ. ಕಳೆದದ್ದಲ್ಲ, ತೆಗೆದದ್ದು. ಸ್ಟಾರ್ಟ್ ಬಟನನ್ನಾದರೂ ನಡುವಿನಿಂದ ಎಡಕ್ಕೆ ತರಬಹುದು: ಪರ್ಸನಲೈಸೇಶನ್, ಟಾಸ್ಕ್‌ಬಾರ್, ಅದರ ಬಿಹೇವಿಯರ್ಸ್‌ನಲ್ಲಿ ಅಲೈನ್‌ಮೆಂಟ್. ಹೊರಗಿನ ತಂತ್ರಾಂಶ ಹಾಕಿ ಬಲವಂತ ಮಾಡುವವರಿದ್ದಾರೆ. ಮುಂದಿನ ಅಪ್‌ಡೇಟಿಗೆ ಅದು ಮುರಿದು ನೀವು ಪುನಃ ಪತ್ರ ಬರೆಯುತ್ತೀರಿ. ಬೇಡ.

ಪ್ರಶ್ನೆ: ನಾನು ಕನ್ನಡ ಮಾಧ್ಯಮ ಶಾಲೆಯ ಶಿಕ್ಷಕಿ. ಶಾಲೆಯ ಲ್ಯಾಪ್‌ಟಾಪಿಗೆ ಕೈಟ್‌ನವರ (ಶಾಲೆಗಳ ಕಂಪ್ಯೂಟರ್ ಕೆಲಸ ನೋಡುವ ಕೇರಳ ಸರಕಾರದ ಸಂಸ್ಥೆ) ಗ್ನೂ/ಲಿನಕ್ಸಿನ ಹೊಸ ಆವೃತ್ತಿ ಹಾಕಿದರು. ಮೊದಲು ಆಲ್ಟ್ ಮತ್ತು ಶಿಫ್ಟ್ ಒತ್ತಿದರೆ ಕನ್ನಡ, ಮಲಯಾಳ, ಇಂಗ್ಲಿಷ್ ಒಂದರ ಹಿಂದೆ ಒಂದು ಬರುತ್ತಿದ್ದವು. ಕನ್ನಡಕ್ಕೆ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸ ಇಟ್ಟುಕೊಂಡಿದ್ದೆ. ಈಗ ಅದಿಲ್ಲ. ಒಂದು ಕೀಲಿಯ ಮೇಲೆ ನಮಗೆ ಬೇಕಾದ ಚಿಹ್ನೆಯೊಂದನ್ನು ಪರಿಚಯದವರೊಬ್ಬರು ಕೂರಿಸಿ ಕೊಟ್ಟಿದ್ದರು, ಅದೂ ಹೋಯಿತು. — ಶಿಕ್ಷಕಿ, ಪೆರ್ಲ

ಉತ್ತರ: ಟೀಚರ್, ಮೊದಲಿನ ಎರಡು ಸುಲಭ. ಆ ವ್ಯವಸ್ಥೆಯ ಬುಡ ಉಬುಂಟು. ಸೆಟ್ಟಿಂಗ್ಸ್‌ನ ಕೀಬೋರ್ಡ್ ವಿಭಾಗದಲ್ಲಿ ‘ಇನ್‌ಪುಟ್ ಸೋರ್ಸಸ್’ ಕೆಳಗೆ ಕೂಡಿಸುವ ಚಿಹ್ನೆ ಒತ್ತಿ, ಕನ್ನಡ ಹುಡುಕಿದರೆ ಹಲವು ಬರುತ್ತವೆ. ಕೆಜಿಪಿ ಎಂದಿರುವುದೇ ನಿಮಗೆ ಬೇಕಾದದ್ದು, ಕೆ.ಪಿ. ರಾವ್ ಅವರ ವಿನ್ಯಾಸ. ಪಟ್ಟಿಯಲ್ಲಿ ಇಲ್ಲದಿದ್ದರೆ ‘ಐಬಸ್-ಎಮ್17ಎನ್’ ಎಂಬ ಪ್ಯಾಕೇಜ್ ಹಾಕಿ, ಲಾಗ್‌ಔಟ್ ಆಗಿ ಬನ್ನಿ. ಭಾಷೆ ಬದಲಿಸುವ ಕೀಲಿ ಈಗ ಸೂಪರ್ (ವಿಂಡೋಸ್ ಚಿಹ್ನೆ ಇರುವ ಕೀಲಿ) ಮತ್ತು ಸ್ಪೇಸ್ ಆಗಿರುತ್ತದೆ. ನನ್ನ ಸಲಹೆ, ಅದನ್ನೇ ರೂಢಿ ಮಾಡಿಕೊಳ್ಳಿ. ಮಕ್ಕಳು ಲ್ಯಾಬಿನಲ್ಲಿ ಬಳಸುವುದೂ ಅದನ್ನೇ ತಾನೇ? ಆಲ್ಟ್-ಶಿಫ್ಟ್ ಬೇಕೇ ಬೇಕೆಂದರೆ ‘ಟ್ವೀಕ್ಸ್’ ಎಂಬ ತಂತ್ರಾಂಶದ ಮೂಲಕ ತರಬಹುದು.

ಚಿಹ್ನೆಯ ವಿಷಯ ಬೇರೆ. ನಿಮ್ಮ ಪರಿಚಯದವರು ಬಹುಶಃ ‘ಯುಎಸ್‌ಆರ್’ ಒಳಗಿನ ಎಕ್ಸ್‌ಕೆಬಿ ಫೋಲ್ಡರಿನಲ್ಲಿ ಭಾರತದ ಕೀಲಿಮಣೆಗಳ ಕಡತವನ್ನೇ ತಿದ್ದಿದ್ದಾರೆ. ಅದು ವ್ಯವಸ್ಥೆಗೆ ಸೇರಿದ ಜಾಗ. ಅಲ್ಲಿನ ಪ್ಯಾಕೇಜ್ ಹೊಸದಾದಾಗಲೆಲ್ಲ ಆ ಕಡತದ ಮೇಲೆ ಹೊಸ ಕಡತ ಬಂದು ಕೂರುತ್ತದೆ, ತಿದ್ದುಪಡಿ ಹೋಗುತ್ತದೆ. ಇಡೀ ವ್ಯವಸ್ಥೆಯ ಅಪ್‌ಗ್ರೇಡ್ ಆಗಬೇಕೆಂದೂ ಇಲ್ಲ. ನಿಮ್ಮ ಸ್ವಂತ ಬದಲಾವಣೆ ಎಂದಿದ್ದರೂ ಹೋಮ್ ಫೋಲ್ಡರಿನಲ್ಲಿರಬೇಕು. ಎಮ್17ಎನ್ ವಿನ್ಯಾಸವಾದರೆ ಹೋಮ್‌ನಲ್ಲಿ ಚುಕ್ಕೆಯಿಂದ ಆರಂಭವಾಗುವ ‘ಎಮ್17ಎನ್ ಡಾಟ್ ಡಿ’ ಎಂಬ ಫೋಲ್ಡರ್ ಮಾಡಿ, ಕೆಜಿಪಿಯ ಕಡತವನ್ನು ಬೇರೆ ಹೆಸರಿನಲ್ಲಿ ಅಲ್ಲಿಗೆ ನಕಲು ಮಾಡಿ, ಒಳಗೂ ಹೆಸರು ಬದಲಿಸಿ, ಚಿಹ್ನೆಯ ಒಂದು ಸಾಲು ಸೇರಿಸಿದರಾಯಿತು. ಪ್ಯಾಕೇಜ್ ಹೊಸದಾದರೂ ಅದನ್ನು ಯಾರೂ ಮುಟ್ಟುವುದಿಲ್ಲ. ಪರಿಚಯದವರಿಗೆ ಈ ಉತ್ತರ ತೋರಿಸಿ, ಅವರಿಗೆ ಹತ್ತು ನಿಮಿಷದ ಕೆಲಸ.

ಮುಂದಿನ ಸಲ ಲ್ಯಾಪ್‌ಟಾಪನ್ನು ಕೊಡುವ ಮೊದಲು, ಹೋಮ್ ತೆರೆದು ಕಂಟ್ರೋಲ್ ಮತ್ತು ಎಚ್ ಒತ್ತಿ. ಚುಕ್ಕೆಯಿಂದ ಆರಂಭವಾಗುವ ಅಡಗಿದ ಫೋಲ್ಡರುಗಳು ಆಗ ಕಾಣುತ್ತವೆ. ಡಾಕ್ಯುಮೆಂಟ್ಸ್ ಮಾತ್ರ ಪೆನ್‌ಡ್ರೈವಿಗೆ ಹಾಕಿ ಬ್ಯಾಕಪ್ ಆಯಿತೆನ್ನುವವರು ಇವನ್ನೇ ಬಿಡುವುದು. ಬಿಡಿಬಿಡಿಯಾಗಿ ನಕಲು ಮಾಡುವ ಬದಲು ಎಲ್ಲವನ್ನೂ ಒಂದು ಟಾರ್ ಕಟ್ಟಾಗಿ ಮಾಡಿ ಹಾಕಿ, ಏಕೆಂದರೆ ಸಾಮಾನ್ಯ ಪೆನ್‌ಡ್ರೈವಿನ ಫಾರ್ಮ್ಯಾಟಿಗೆ ಲಿನಕ್ಸಿನ ಅನುಮತಿಗಳನ್ನು ನೆನಪಿಡುವ ಶಕ್ತಿ ಇಲ್ಲ. ಕೀಬೋರ್ಡ್, ಡೆಸ್ಕ್‌ಟಾಪ್ ಹೊಂದಾಣಿಕೆಗಳನ್ನು ‘ಡಿಕಾನ್ಫ್ ಡಂಪ್’ ಎಂಬ ಆಜ್ಞೆ ಒಂದೇ ಪಠ್ಯ ಕಡತಕ್ಕೆ ಬರೆದುಕೊಡುತ್ತದೆ. ಹೊಸದರಲ್ಲಿ ‘ಡಿಕಾನ್ಫ್ ಲೋಡ್’ ಅದನ್ನು ಓದುತ್ತದೆ. ಆವೃತ್ತಿ ತುಂಬಾ ಹಾರಿದ್ದರೆ ಎಲ್ಲವನ್ನೂ ಲೋಡ್ ಮಾಡಬೇಡಿ. ಕಡತ ತೆರೆದು ‘ಇನ್‌ಪುಟ್-ಸೋರ್ಸಸ್’ ತಲೆಬರಹವನ್ನೂ ಅದರ ಕೆಳಗಿನ ಸಾಲುಗಳನ್ನೂ ಮಾತ್ರ ಉಳಿಸಿಕೊಳ್ಳಿ.

ಪ್ರಶ್ನೆ: ಮುದ್ರಣಾಲಯದವರು ನಾವು. ಪುಟ ಜೋಡಿಸುವ ತಂತ್ರಾಂಶ ಇನ್‌ಡಿಸೈನ್‌ನ ಹೊಸ ಆವೃತ್ತಿಗೆ ಹೋದೆವು. ವರ್ಷಗಟ್ಟಲೆ ಕೈಗೆ ಹೊಂದಿದ್ದ ಶಾರ್ಟ್‌ಕಟ್ ಕೀಲಿಗಳಿಲ್ಲ. ಹೊಸ ಕಡತ ತೆರೆದು ಯೂನಿಕೋಡ್ ಕನ್ನಡ ಹಾಕಿದರೆ ಒತ್ತಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತದೆ. ಮದುವೆಯ ಸೀಸನ್ ಬೇರೆ. — ಮುದ್ರಕರು, ಕಾಸರಗೋಡು

ಉತ್ತರ: ಸೀಸನ್ನಿನ ನಡುವೆ ಅಪ್‌ಗ್ರೇಡ್ ಮಾಡುವ ನಿಮ್ಮ ಧೈರ್ಯಕ್ಕೆ ನಮಸ್ಕಾರ.

ಶಾರ್ಟ್‌ಕಟ್‌ಗಳ ಗುಂಪು ಕೊನೆಯಲ್ಲಿ ಐಎನ್‌ಡಿಕೆ ಎಂದಿರುವ ಒಂದು ಫೈಲು. ಆಪ್‌ಡೇಟಾದ ರೋಮಿಂಗ್‌ನಲ್ಲಿ ಅಡೋಬಿ, ಅದರಲ್ಲಿ ಇನ್‌ಡಿಸೈನ್, ಅದರಲ್ಲಿ ಪ್ರತಿ ಆವೃತ್ತಿಗೂ ಸಂಖ್ಯೆಯ ಹೆಸರಿನ ಬೇರೆ ಫೋಲ್ಡರ್. ಹಳೆಯ ಸಂಖ್ಯೆಯೊಳಗಿನ ಶಾರ್ಟ್‌ಕಟ್ ಸೆಟ್ಸ್ ಫೋಲ್ಡರಿನಿಂದ ಆ ಫೈಲನ್ನು ಹೊಸ ಸಂಖ್ಯೆಯೊಳಗಿನ ಅದೇ ಫೋಲ್ಡರಿಗೆ ಹಾಕಿ. ಎಡಿಟ್ ಮೆನುವಿನ ಕೀಬೋರ್ಡ್ ಶಾರ್ಟ್‌ಕಟ್ಸ್‌ನಲ್ಲಿ ನಿಮ್ಮ ಗುಂಪಿನ ಹೆಸರು ಬಂದಿರುತ್ತದೆ. ಪ್ಯಾನೆಲ್‌ಗಳ ಜೋಡಣೆ ಪಕ್ಕದ ‘ವರ್ಕ್‌ಸ್ಪೇಸಸ್’ನಲ್ಲಿದೆ, ಅದೇ ವಿಧಾನ. ಅಪ್‌ಗ್ರೇಡ್ ಮಾಡುವಾಗಲೇ ಹಳೆಯ ಸೆಟ್ಟಿಂಗ್ಸ್ ತರಲೇ ಎಂದು ಕೇಳುವ ಗುರುತು ಅಡ್ವಾನ್ಸ್ಡ್ ಆಪ್ಷನ್ಸ್‌ನಲ್ಲಿ ಇರುತ್ತದೆ. ಅದರ ಜೊತೆಯಲ್ಲೇ ಹಳೆಯ ಆವೃತ್ತಿಯನ್ನು ತೆಗೆಯಲೇ ಎಂಬ ಇನ್ನೊಂದು ಗುರುತೂ ಇರುತ್ತದೆ. ಮೊದಲನೆಯದನ್ನು ಇಡಿ, ಎರಡನೆಯದನ್ನು ತೆಗೆಯಿರಿ.

ಒತ್ತಕ್ಷರ ಬಿಡಿಯಾಗುವುದಕ್ಕೆ ಕಾರಣ, ಅಕ್ಷರಗಳನ್ನು ಸಾಲಿನಲ್ಲಿ ಜೋಡಿಸುವ ‘ಕಂಪೋಸರ್’ ಎಂಬ ಭಾಗ. ಹಳೆಯದರಲ್ಲಿ ಯಾರೋ ‘ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆಯ್ದಿಟ್ಟಿದ್ದರು, ಹೊಸದು ತನ್ನ ಮೂಲ ಕಂಪೋಸರಿಗೆ ಮರಳಿದೆ. ಯಾವ ಕಡತವನ್ನೂ ತೆರೆಯದೆ, ಪ್ಯಾರಾಗ್ರಾಫ್ ಸ್ಟೈಲ್ಸ್‌ನಲ್ಲಿ ಬೇಸಿಕ್ ಪ್ಯಾರಾಗ್ರಾಫ್ ಮೇಲೆ ಎರಡು ಸಲ ಒತ್ತಿ, ಜಸ್ಟಿಫಿಕೇಶನ್ ವಿಭಾಗದಲ್ಲಿ ವರ್ಲ್ಡ್-ರೆಡಿ ಕಂಪೋಸರನ್ನು ಆಯ್ದುಕೊಳ್ಳಿ. ಕಡತ ತೆರೆಯದೆ ಮಾಡಿದ ಬದಲಾವಣೆ ಮುಂದಿನ ಎಲ್ಲ ಹೊಸ ಕಡತಗಳಿಗೂ ಅನ್ವಯಿಸುತ್ತದೆ. ಕಡತದೊಳಗೆ ಮಾಡಿದ್ದು ಆ ಕಡತಕ್ಕೆ ಮಾತ್ರ. ಈಗಾಗಲೇ ಮಾಡಿಟ್ಟ ಆಮಂತ್ರಣಗಳಲ್ಲಿ ಒಂದೊಂದರಲ್ಲೂ ಸ್ಟೈಲ್ ತಿದ್ದಬೇಕಾಗುತ್ತದೆ.

ಮತ್ತೊಂದು: ಹೊಸ ಆವೃತ್ತಿಯಲ್ಲಿ ಉಳಿಸಿದ ಕಡತವನ್ನು ಹಳೆಯದು ನೇರವಾಗಿ ತೆರೆಯುವುದಿಲ್ಲ, ಐಡಿಎಮ್‌ಎಲ್ ಆಗಿ ಉಳಿಸಿಕೊಡಬೇಕು. ಮಂಗಳೂರಿನ ಆಫ್‌ಸೆಟ್‌ಗೆ ಕಳುಹಿಸುವ ಕೆಲಸಗಳಿದ್ದರೆ ಅಲ್ಲಿ ಯಾವ ಆವೃತ್ತಿ ಇದೆ ಎಂದು ಇವತ್ತೇ ಫೋನ್ ಮಾಡಿ ಕೇಳಿ.